ಮಾವನವರ ಮೀಟರ್ ರೀಡಿಂಗ್

ನನ್ನ ಮಾವ, ಅಂದರೆ ನನ್ನ ಗಂಡನ ತಂದೆ, ಮೈಸೂರಿನಲ್ಲಿ ಮೂವತ್ತೊಂದು ವರ್ಷ ಕರೆಂಟ್ ಮೀಟರ್ ಓದಿದವರು. ಸೈಕಲ್ ತುಳಿದುಕೊಂಡು ಬೀದಿ ಬೀದಿ ಸುತ್ತಿ, ಜನರ ಜಗಲಿ ಹತ್ತಿ, ಕತ್ತೆತ್ತಿ ಅಂಕಿ ನೋಡಿಕೊಂಡು ಬರುವುದು ಅವರ ಕೆಲಸವಾಗಿತ್ತು. ಅತ್ತೆ ತೀರಿಕೊಂಡ ಮೇಲೆ ನಾವು ಅವರನ್ನು ಇಲ್ಲಿಗೇ ಕರೆಸಿಕೊಂಡೆವು. ಸಿಯಾಟಲ್ ಪಕ್ಕದ ಶೋರ್‌ಲೈನ್‌ನಲ್ಲಿ ನಾವಿದ್ದ ಬಾಡಿಗೆ ಮನೆಗೆ ಬಂದಿಳಿದ ಮಾರನೆಯ ಬೆಳಿಗ್ಗೆ ಅವರು ಕೇಳಿದ ಮೊದಲ ಪ್ರಶ್ನೆ, "ಮೀಟರ್ ಎಲ್ಲಿಟ್ಟಿದಾರಮ್ಮ?"

ಎಂಟು ವರ್ಷದಿಂದ ಆ ಮನೆಯಲ್ಲಿದ್ದ ನನಗೆ ಗೊತ್ತಿರಲಿಲ್ಲ. ಅವರೇ ಮಂಕಿ ಕ್ಯಾಪ್ ಹಾಕಿಕೊಂಡು ಹೊರಗೆ ಹೋಗಿ, ಮನೆಯನ್ನು ಒಂದು ಸುತ್ತು ಪ್ರದಕ್ಷಿಣೆ ಬಂದು, ಕಸದ ಡಬ್ಬಿಗಳ ಹಿಂದಿನ ಗೋಡೆಯಲ್ಲಿ ಅದನ್ನು ಪತ್ತೆ ಮಾಡಿದರು. ಒಳಗೆ ಬಂದಾಗ ಮುಖ ಸಪ್ಪಗಿತ್ತು.

"ಚಕ್ರಾನೇ ಇಲ್ವಲ್ಲಮ್ಮ ಅದಕ್ಕೆ. ಬರೀ ನಂಬರ್ ಬರುತ್ತೆ, ಹೋಗುತ್ತೆ. ತಿರುಗೋದು ಕಣ್ಣಿಗೆ ಕಾಣದೇ ಇದ್ರೆ ಮನುಷ್ಯನಿಗೆ ಭಯ ಹೆಂಗೆ ಬರುತ್ತೆ?"

ಅಂದಿನಿಂದ ಅದು ಅವರ ನಿತ್ಯಪೂಜೆಯಾಯಿತು. ಬೆಳಿಗ್ಗೆ ಕಾಫಿ ಕುಡಿದು ಹೊರಗೆ ಹೋಗುವರು. ಪರದೆಯ ಮೇಲೆ ಬೇರೆ ಬೇರೆ ಅಂಕಿಗಳು ಒಂದಾದ ಮೇಲೊಂದು ಬಂದು ಹೋಗುತ್ತಿದ್ದವು. ಸರಿಯಾದದ್ದು ಬರುವವರೆಗೆ ಜಿನುಗು ಮಳೆಯಲ್ಲಿ ನಿಂತಿದ್ದು, ಒಳಗೆ ಬಂದು ತಿಂಡಿಯ ಹೊತ್ತಿಗೆ ಗಟ್ಟಿಯಾಗಿ ಒಪ್ಪಿಸುವರು. ನಿನ್ನೆಗಿಂತ ಇವತ್ತು ಎಷ್ಟು ಯೂನಿಟ್ ಹೆಚ್ಚು ಅನ್ನುವುದನ್ನೂ ಬಾಯಲ್ಲೇ ಕಳೆದು ಹೇಳುವರು. ಎಲ್ಲಿಯೂ ಬರೆದಿಡುತ್ತಿರಲಿಲ್ಲ. ಮೂವತ್ತೊಂದು ವರ್ಷದ ತಲೆ ಅದು, ಅಂಕಿ ಒಮ್ಮೆ ಒಳಗೆ ಹೋದರೆ ಹೊರಗೆ ಬೀಳುತ್ತಿರಲಿಲ್ಲ. "ತಾತ, ಇಟ್ಸ್ ಆಲ್ ಆನ್ ದಿ ಆ್ಯಪ್," ಎಂದು ನನ್ನ ಮಗಳು ನಗುತ್ತಿದ್ದಳು. ಅವಳಿಗಾಗ ಹದಿನಾಲ್ಕು. ಕನ್ನಡ ಪೂರಾ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಾತ್ರ ಇಂಗ್ಲಿಷು. "ಆ್ಯಪ್‌ನಲ್ಲಿ ಬಿಲ್ ಇರುತ್ತೆ ಪುಟ್ಟಿ, ಸತ್ಯ ಗೋಡೆ ಮೇಲಿರುತ್ತೆ," ಎನ್ನುವರು ಮಾವ.

ಅವರ ಹತ್ತಿರ ಕೆಲಸದ ಕಥೆಗಳು ಬೇಕಾದಷ್ಟಿದ್ದವು. ಒಂದನ್ನು ನಾನು ಹತ್ತು ಸಲವಾದರೂ ಕೇಳಿದ್ದೇನೆ. ಒಂದು ಮನೆಯಲ್ಲಿ ಮೀಟರ್ ಇದ್ದ ಕೋಣೆಗೆ ಯಾವಾಗಲೂ ಬೀಗ. ಆ ಮನೆಯ ಹೆಂಗಸು ಬಾಗಿಲಲ್ಲೇ ನಿಂತು, "ಒಳಗೆ ನೋಡ್ಕೊಂಡು ಬಂದಿದೀನಿ, ಇಷ್ಟು ಬರ್ಕೊಳ್ಳಿ," ಎಂದು ಒಂದು ಅಂಕಿ ಹೇಳಿದರಂತೆ. ಆ ಅಂಕಿ ಹೋದ ತಿಂಗಳಿಗಿಂತ ಕಡಿಮೆಯಿತ್ತು. "ಚಕ್ರನ ಅಯಸ್ಕಾಂತ ಇಟ್ಟು ನಿಲ್ಲಿಸೋರನ್ನ ನೋಡಿದೀನಿ. ಆದ್ರೆ ಮೀಟರ್ ಹಿಂದಕ್ಕೆ ಓಡಲ್ಲಮ್ಮ. ಮನೆಯಲ್ಲಿ ಏನೋ ಕಷ್ಟ ಇದೆ ಅಂತ ಗೊತ್ತಾಯ್ತು." ಅವರು ಆ ಹೆಂಗಸನ್ನು ಬೈಯಲಿಲ್ಲವಂತೆ. ಮುಂದಿನ ತಿಂಗಳು ಬೀಗದಕೈ ಇಟ್ಟಿರಿ ತಾಯಿ ಎಂದಷ್ಟೇ ಹೇಳಿ ಸೈಕಲ್ ಹತ್ತಿದರಂತೆ.

ಅವರದು ಅಂಥ ಸ್ವಭಾವ. ನನಗೆ ಮಾತ್ರ ಮೂಗಿನ ತುದಿಯಲ್ಲೇ ಕೋಪ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ನಡೆದದ್ದಕ್ಕೆಲ್ಲ ಅದೇ ಕಾರಣ.

ಶೋರ್‌ಲೈನಿನ ಆ ಮನೆ ಹಳೆಯದು. ಕಿಟಕಿಗಳು ಒಂದೇ ಪದರದ ಗಾಜಿನವು, ಬೆಳಿಗ್ಗೆ ಎದ್ದರೆ ಒಳಗಡೆಯೇ ನೀರಿಳಿಯುತ್ತಿದ್ದವು. ಮೊದಲು ಅಲ್ಲಿ ಎಣ್ಣೆಯಲ್ಲಿ ಉರಿಯುವ ಫರ್ನೆಸ್ ಇತ್ತು. ಟ್ಯಾಂಕರ್ ಬಂದು ಅಂಗಳದಡಿ ಹೂತಿದ್ದ ತೊಟ್ಟಿ ತುಂಬಿಸಿ ಹೋಗುತ್ತಿತ್ತು. ವರ್ಷದಿಂದ ವರ್ಷಕ್ಕೆ ಎಣ್ಣೆಯ ದರ ಏರಿ, ತೊಟ್ಟಿಯನ್ನು ಅರ್ಧ ಮಾತ್ರ ತುಂಬಿಸುವ ಸ್ಥಿತಿಗೆ ನಾವು ಬಂದಿದ್ದೆವು. ಆಗ ಮನೆಯ ಓನರ್ ಏನೋ ಸಬ್ಸಿಡಿ ಸಿಗುತ್ತದೆಂದು ಅದನ್ನು ತೆಗೆಸಿ ಹೀಟ್ ಪಂಪ್ ಹಾಕಿಸಿದ. ಹೊರಗೊಂದು ದೊಡ್ಡ ಪೆಟ್ಟಿಗೆ, ಒಳಗೆ ನೆಲದಡಿ ಬಿಸಿಗಾಳಿ ಹರಿಯುವ ಹಳೆಯ ಕೊಳವೆಗಳೇ. ಕಿಟಕಿ ಬದಲಾಯಿಸಿ ಎಂದರೆ ನಕ್ಕ. ಮುಂದಿನ ತಿಂಗಳಿಂದಲೇ ಬಾಡಿಗೆ ಏರಿಸಿದ.

ಹೀಟ್ ಪಂಪ್ ಬಂದ ದಿನ ಮಾವ ಅದರ ಸುತ್ತ ಬಹಳ ಹೊತ್ತು ಓಡಾಡಿದರು. ಇದು ಬೆಂಕಿ ಹಚ್ಚುವುದಿಲ್ಲ, ಹೊರಗಿನ ಗಾಳಿಯಲ್ಲಿರುವ ಶಾಖವನ್ನೇ ಎಳೆದು ಒಳಗೆ ತರುತ್ತದೆ ಎಂದು ನನ್ನ ಗಂಡ ವಿವರಿಸಿದರು.

"ಹೊರಗೆ ಹಲ್ಲು ಕಡಿಯೋ ಚಳಿ. ಅದರಲ್ಲಿ ಶಾಖ ಎಲ್ಲಿಂದ ಬಂತು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ತಾವೇ ತೀರ್ಮಾನಿಸಿದರು. "ಏನಾದ್ರೂ ಆಗ್ಲಿ, ಕರೆಂಟಲ್ಲಿ ಬಿಸಿ ಮಾಡೋದು ಅಂದ್ರೆ ಗೀಸರ್ ಇದ್ದಂಗೆ. ಬೇಕಾದಾಗ ಹಾಕು, ಕೆಲಸ ಆದ ತಕ್ಷಣ ಆರಿಸು."

ಮೈಸೂರು, ಬೆಂಗಳೂರಿನ ಮನೆಗಳಲ್ಲಿ ಬೆಳೆದ ಯಾರಿಗೂ ಈ ಮಾತನ್ನು ವಿವರಿಸಬೇಕಿಲ್ಲ. ಸ್ನಾನಕ್ಕೆ ಹದಿನೈದು ನಿಮಿಷ ಮೊದಲು ಗೀಸರ್ ಹಾಕುವುದು, ನೀರು ಹಿಡಿದ ಮೇಲೆ ಆರಿಸುವುದು, ಆರಿಸದೆ ಮರೆತವರಿಗೆ ಇಡೀ ಮನೆ ಸೇರಿ ಬೈಯುವುದು. ರೂಮಿನಿಂದ ಹೊರಗೆ ಬಂದವರ ಕೈ ತಾನಾಗಿಯೇ ಫ್ಯಾನಿನ ಸ್ವಿಚ್ಚಿಗೆ ಹೋಗುತ್ತದೆ. ನಾನೂ ನನ್ನ ಗಂಡನೂ ಎಂಜಿನಿಯರಿಂಗ್ ಓದಿದವರು. ಒಬ್ಬರಿಗಾದರೂ ಆ ಯಂತ್ರದ ಜೊತೆ ಬಂದ ಪುಸ್ತಕ ತೆರೆದು ನೋಡೋಣ ಎನಿಸಲಿಲ್ಲ. ಮಾವನಿಗಿಂತ ಕರೆಂಟಿನ ವಿಷಯ ಬಲ್ಲವರು ಯಾರಿದ್ದಾರೆ ಎಂದು ನಾನೇ ಹೇಳಿದ್ದೆ. ಅವರಿಗೆ ಅದು ಹಿಡಿಸಿತ್ತು.

ಹೀಗೆ ನಮ್ಮ ಮನೆಯ ಬಿಸಿಯ ಉಸ್ತುವಾರಿ ಅವರದಾಯಿತು. ಬೆಳಿಗ್ಗೆ ನಾವು ಏಳುವ ಮೊದಲು ಅವರೇ ಎದ್ದು ಆನ್ ಮಾಡುವರು. ನಾನು ರೆಡ್ಮಂಡ್‌ನ ಆಫೀಸಿಗೆ, ಮಗಳು ಸ್ಕೂಲಿಗೆ ಹೊರಟ ಕೂಡಲೇ ಆಫ್. ಹಗಲೆಲ್ಲ ಸ್ವೆಟರಿನ ಮೇಲೆ ಶಾಲು, ಅದರ ಮೇಲೆ ಮಂಕಿ ಕ್ಯಾಪು. ಮಗಳು ಬರುವ ಅರ್ಧ ಗಂಟೆ ಮೊದಲು ಮತ್ತೆ ಆನ್. ಊಟವಾಗಿ ಎಲ್ಲರೂ ರಜಾಯಿಯೊಳಗೆ ಸೇರಿದ ಮೇಲೆ ಆಫ್. ಕೊಬ್ಬರಿ ಎಣ್ಣೆಯ ಬಾಟಲಿ ಅಕ್ಟೋಬರಿನಲ್ಲಿ ಕಲ್ಲಾದದ್ದು ಕರಗಲೇ ಇಲ್ಲ. ದೋಸೆ ಹಿಟ್ಟು ಹುಳಿ ಬರುವುದನ್ನು ಬಿಟ್ಟು ಎಷ್ಟೋ ದಿನವಾಗಿತ್ತು. ಆದರೂ ಉಳಿತಾಯವಾಗುತ್ತಿದೆ ಅನ್ನುವ ನೆಮ್ಮದಿಯಿತ್ತು.

ಆ ಅಕ್ಟೋಬರಿನಲ್ಲೇ ನನ್ನ ಗಂಡನ ಕೆಲಸ ಹೋಯಿತು. ಅವರ ಟೀಮಿಗೆ ಟೀಮನ್ನೇ ತೆಗೆದಿದ್ದರು. ನನ್ನದು ಮೊದಲಿನಿಂದಲೂ ಕಾಂಟ್ರ್ಯಾಕ್ಟ್ ಕೆಲಸ, ರಜೆ ಹಾಕಿದರೆ ಸಂಬಳವಿಲ್ಲ. ಇದ್ದದ್ದರಲ್ಲಿ ಬಾಡಿಗೆ, ಊಟ ಹೇಗೋ ಕಳೆಯುತ್ತಿತ್ತು. ಬಗ್ಗದೆ ನಿಂತದ್ದು ಕರೆಂಟ್ ಬಿಲ್ಲೊಂದೇ. ನವೆಂಬರಿನದು ಬಂದಾಗ ಎಣ್ಣೆಯ ಕಾಲವೇ ವಾಸಿಯಿತ್ತು ಅನ್ನಿಸಿತು. ಅದರ ಮುಂದಿನದು ಇನ್ನೂ ಹೆಚ್ಚು. ಅಡುಗೆಮನೆಯಲ್ಲಿ ನಿಂತು ನಾವಿಬ್ಬರೂ ತಗ್ಗಿದ ದನಿಯಲ್ಲಿ ಮಾತಾಡಿಕೊಂಡೆವು.

"ಹಿಂಗೇ ಹೋದ್ರೆ ಈ ಮನೆ ಆಗಲ್ಲ," ಎಂದರು ಅವರು. "ರೆಂಟನ್ ಕಡೆ ಒಂದು ಬೆಡ್‌ರೂಮಿನ ಅಪಾರ್ಟ್‌ಮೆಂಟ್ ನೋಡ್ಬೇಕಾಗುತ್ತೆ."

"ಮಾವ ಎಲ್ಲಿ ಮಲಗ್ತಾರೆ?"

"ಮೈಸೂರಲ್ಲಿ ಅಕ್ಕ ಇದಾಳಲ್ಲ. ಒಂದಷ್ಟು ದಿನ ಅಲ್ಲಿರ್ತಾರೆ."

ಆ ಅಕ್ಕನ ಮನೆ ಎಷ್ಟು ಚಿಕ್ಕದು, ಅಲ್ಲಿ ಆಗಲೇ ಎಷ್ಟು ಜನ ಇದ್ದಾರೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಒಂದಷ್ಟು ದಿನ ಎಂದರೆ ಎಷ್ಟು ದಿನ ಎಂಬುದೂ ಗೊತ್ತಿತ್ತು. ಬಿಲ್ಲು ಇಳಿದರೆ ಮನೆ ಉಳಿಯುತ್ತದೆ, ಮನೆ ಉಳಿದರೆ ಮಾವ ನಮ್ಮ ಜೊತೆ ಇರುತ್ತಾರೆ. ವಿಷಯ ಇಷ್ಟೇ ಆಗಿತ್ತು.

ಮಾರನೆಯ ದಿನ ಕಾರಿನಲ್ಲಿ ಮಗಳು ಕಿವಿಯಿಂದ ಇಯರ್‌ಫೋನ್ ತೆಗೆದು, "ಮಾಮ್, ದೋಸ್ ವೆಂಟ್ಸ್ ಕ್ಯಾರಿ ಎವೆರಿಥಿಂಗ್," ಎಂದಳು. ಹೀಟರ್ ಆಫ್ ಇದ್ದಾಗ ಅಡುಗೆಮನೆಯ ಮಾತು ನೆಲದೊಳಗಿನ ಕೊಳವೆ ಹಿಡಿದು ತಾತನ ರೂಮಿನಲ್ಲಿ ಪಕ್ಕದಲ್ಲೇ ಕೂತಂತೆ ಕೇಳಿಸುತ್ತದಂತೆ. ನಾನು ಗಾಡಿಯನ್ನು ಸ್ಕೂಲಿನ ಮುಂದೆ ನಿಲ್ಲಿಸಿ ಅವಳನ್ನು ಇಳಿಸಿದೆ. ಮಾವನ ಹತ್ತಿರ ಮಾತಾಡಬೇಕು ಅಂದುಕೊಂಡೆ. ಸಂಜೆ ಬಂದಾಗ ಅವರು ಎಂದಿನಂತೆ ನಗುತ್ತಾ ಬಾಗಿಲು ತೆಗೆದರು, ನಾನು ಏನೂ ಮಾತಾಡಲಿಲ್ಲ.

ಆಮೇಲೆ ಅವರ ಸ್ವಿಚ್ಚಿನ ಸೇವೆ ದುಪ್ಪಟ್ಟಾಯಿತು. ನಾವು ತರಕಾರಿ ತರಲು ಹೋದರೂ ಆಫ್. ಅರ್ಧ ಗಂಟೆ ಮೊದಲು ಹಾಕುತ್ತಿದ್ದದ್ದು ಹತ್ತು ನಿಮಿಷ ಮೊದಲಾಯಿತು. ದಿನಕ್ಕೆ ಆರೇಳು ಸಲ ಆ ಯಂತ್ರ ಏಳುತ್ತಿತ್ತು, ಮಲಗುತ್ತಿತ್ತು. ತಿಂಡಿಯ ಹೊತ್ತಿಗೆ ರೀಡಿಂಗ್ ಹೇಳುವಾಗ ಮಾತ್ರ ಅವರ ದನಿಯಲ್ಲಿ ಮೊದಲಿನ ಠೀವಿ ಇರಲಿಲ್ಲ. ಎಷ್ಟು ಆರಿಸಿದರೂ ಯೂನಿಟ್ ಏರುತ್ತಲೇ ಇತ್ತು. "ಎಲ್ಲೋ ಲೀಕ್ ಆಗ್ತಿದೆ ಕಣಮ್ಮ, ಹುಡುಕ್ತೀನಿ," ಎಂದು ಪ್ಲಗ್ಗುಗಳನ್ನೆಲ್ಲ ಒಂದೊಂದಾಗಿ ಕಿತ್ತಿಟ್ಟರು. ಮೈಕ್ರೊವೇವಿನ ಗಡಿಯಾರ ಸೊನ್ನೆ ತೋರಿಸಿಕೊಂಡೇ ಇರುತ್ತಿತ್ತು.

ಜನವರಿಯಲ್ಲಿ ಚಳಿ ಕೆರಳಿತು. ಜೊತೆಗೇ ಬಿಲ್ಲೂ ಬಂತು, ಅದರ ಕೆಳಗಿನ ಅಂಕಿ ನೋಡಿ ನನ್ನ ಗಂಡ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ಯಂತ್ರದಲ್ಲೇ ಏನೋ ದೋಷವಿರಬೇಕೆಂದು ಓನರ್‌ಗೆ ಹೇಳಿ ಹೇಳಿ ಕೊನೆಗೆ ಒಬ್ಬ ರಿಪೇರಿಯವನನ್ನು ಕರೆಸಿದೆವು. ಅವನು ಬಂದ ದಿನ ನಾನು ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಅವನು ಎಲ್ಲ ಬಿಚ್ಚಿ ನೋಡಿ ಎರಡು ಮಾತು ಹೇಳಿದ.

ಒಂದು, ಇದನ್ನು ಹೀಗೆ ಪದೇ ಪದೇ ಆಫ್ ಮಾಡಬಾರದು. ಹದವಾಗಿ ಇಟ್ಟು ಮರೆತುಬಿಡಬೇಕು. ಪೂರ್ತಿ ತಣ್ಣಗಾದ ಮನೆಯನ್ನು ಮತ್ತೆ ಬಿಸಿ ಮಾಡುವಾಗ ಪಂಪಿನಿಂದ ಆಗದೆ ಒಳಗಿರುವ ಕಾಯಿಲ್ ಹೀಟರ್ ಹತ್ತಿಕೊಳ್ಳುತ್ತದೆ, ಅದು ಕರೆಂಟನ್ನು ಕುಡಿಯುತ್ತದೆ. ಎರಡು, ಆಫ್ ಮಾಡಲಿ ಬಿಡಲಿ, ಈ ಕಿಟಕಿಗಳಿರುವ ತನಕ, ನೆಲದಡಿಯ ಕೊಳವೆಗಳು ಹೀಗೆ ಬಾಯಿಬಿಟ್ಟಿರುವ ತನಕ, ನೀವು ಬೀದಿಯನ್ನೇ ಬಿಸಿ ಮಾಡುತ್ತಿದ್ದೀರಿ.

ಎರಡನೆಯ ಮಾತಿಗೆ ನಾನು ಏನೂ ಮಾಡುವಂತಿರಲಿಲ್ಲ. ಕಿಟಕಿ ನನ್ನದಲ್ಲ, ಕೊಳವೆ ನನ್ನದಲ್ಲ, ಓನರ್ ನನ್ನ ಫೋನ್ ಎತ್ತುವುದಿಲ್ಲ, ದರ ಏರಿಸುವವರ ಮುಖವನ್ನು ನಾನು ನೋಡಿಲ್ಲ. ಮೊದಲನೆಯ ಮಾತಿಗೆ ಮಾತ್ರ ಒಬ್ಬ ಮನುಷ್ಯ ಸಿಕ್ಕಿದ್ದರು. ಅವರು ನನ್ನ ಮನೆಯಲ್ಲೇ ಇದ್ದರು, ತಿರುಗಿ ಮಾತಾಡುವವರಾಗಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಎಂದು ನಮ್ಮಜ್ಜಿ ಹೇಳುತ್ತಿದ್ದರು. ಅವತ್ತು ಸಂಜೆ ಬರೆ ಹಾಕಿದವಳು ನಾನು.

ಊಟಕ್ಕೆ ಕೂತಿದ್ದೆವು. ಮಾವ ಎದ್ದು ಅಭ್ಯಾಸದಂತೆ ಗೋಡೆಯ ಮೇಲಿದ್ದ ಹೀಟರಿನ ಥರ್ಮೋಸ್ಟ್ಯಾಟ್ ಕಡೆ ಕೈ ಚಾಚಿದರು.

"ಮುಟ್ಟಬೇಡಿ ಮಾವ," ಎಂದೆ. ನನ್ನ ದನಿ ನನಗೇ ಒರಟಾಗಿ ಕೇಳಿಸಿತು, ಆದರೂ ನಿಲ್ಲಿಸಲಿಲ್ಲ. "ರಿಪೇರಿಯವನು ಹೇಳಿದ. ಆಫ್ ಮಾಡಿ ಆಫ್ ಮಾಡಿನೇ ಬಿಲ್ ಹಿಂಗಾಗಿರೋದು. ನೀವು ಉಳಿಸ್ತೀನಿ ಅಂತ ಮಾಡಿದ್ದೇ ನಮ್ಮನ್ನ ಮುಳುಗಿಸಿದ್ದು. ದಯವಿಟ್ಟು ಇನ್ಮೇಲೆ ಈ ಮನೇಲಿ ಯಾವ ಸ್ವಿಚ್ಚೂ ಮುಟ್ಟಬೇಡಿ."

ನನ್ನ ಗಂಡ ತಟ್ಟೆ ನೋಡುತ್ತಾ ಕೂತಿದ್ದರು. ಮಗಳು, "ಮಾಮ್," ಎಂದಳು. ಮಾವನ ಕೈ ಗೋಡೆಯಿಂದ ನಿಧಾನವಾಗಿ ಕೆಳಗೆ ಬಂತು.

"ಹೌದಾ," ಎಂದರು. "ಗೀಸರ್ ಥರ ಅಂದ್ಕೊಂಡಿದ್ದೆ." ಮತ್ತೆ ಕೂತು, ತಟ್ಟೆಯಲ್ಲಿದ್ದದ್ದನ್ನು ಪೂರ್ತಿ ಊಟ ಮಾಡಿ, ಕೈ ತೊಳೆದುಕೊಂಡು ತಮ್ಮ ರೂಮಿಗೆ ಹೋದರು.

ಕಿಟಕಿಯ ಮಾತನ್ನು ನಾನು ಅವತ್ತು ಹೇಳಲೇ ಇಲ್ಲ. ಮರೆತೆ ಎಂದರೆ ಸುಳ್ಳಾಗುತ್ತದೆ. ಹೇಳಿದ್ದರೆ ನನ್ನ ಸಿಟ್ಟಿಗೆ ನಿಲ್ಲಲು ಜಾಗವಿರುತ್ತಿರಲಿಲ್ಲ. ಕೋಪದಲ್ಲಿ ಕೊಯ್ದ ಮೂಗು ಆಮೇಲೆ ಬರುವುದಿಲ್ಲ ಎಂಬುದು ನನಗೆ ಗೊತ್ತಿಲ್ಲದ ಗಾದೆಯಲ್ಲ.

ಮಾವ ನನ್ನ ಮಾತನ್ನು ಅಕ್ಷರಶಃ ಪಾಲಿಸಿದರು. ಯಾವ ಸ್ವಿಚ್ಚನ್ನೂ ಮುಟ್ಟಲಿಲ್ಲ. ಇಲ್ಲಿ ಜನವರಿಯಲ್ಲಿ ನಾಲ್ಕೂವರೆಗೆಲ್ಲ ಕತ್ತಲು. ನಾನು ಕೆಲಸದಿಂದ ಬಂದಾಗ ಅವರು ತಮ್ಮ ರೂಮಿನಲ್ಲಿ ಲೈಟಿಲ್ಲದೆ ಕುರ್ಚಿಯ ಮೇಲೆ ಕೂತಿರುತ್ತಿದ್ದರು. ಕೆಲಸ ಹುಡುಕುತ್ತಾ ಲ್ಯಾಪ್‌ಟಾಪಿನ ಮುಂದಿದ್ದ ಮಗನನ್ನೂ ಲೈಟ್ ಹಾಕು ಎಂದು ಕರೆಯುತ್ತಿರಲಿಲ್ಲ. ನಾನು ಲೈಟ್ ಹಾಕಿದರೆ, "ಬಂದ್ಯಾಮ್ಮ," ಎಂದು ಕಣ್ಣು ಕಿರಿದು ಮಾಡಿ ನಗುತ್ತಿದ್ದರು. ಹಾಕಿಕೊಳ್ಳಿ ಮಾವ, ಲೈಟಿಗೆ ಏನೂ ಆಗಲ್ಲ ಎಂದರೆ, ಇರಲಿ ಬಿಡು ಎನ್ನುವರು. ಮೀಟರ್ ನೋಡಲು ಹೋಗುವುದನ್ನೂ ನಿಲ್ಲಿಸಿದರು. ಒಂದು ದಿನ ಅವರ ರೂಮು ಗುಡಿಸುವಾಗ ಕಾಲಿಗೆ ತಣ್ಣಗೆ ಏನೋ ತಗುಲಿತು. ನೆಲದಲ್ಲಿದ್ದ ಬಿಸಿಗಾಳಿಯ ವೆಂಟಿನ ಬಾಯಿಯನ್ನು ಮುಚ್ಚಿ, ಅದರ ಮೇಲೆ ತಮ್ಮ ಸೂಟ್‌ಕೇಸ್ ಇಟ್ಟಿದ್ದರು. ಪಾಲಿಗೆ ಬಂದ ಬಿಸಿಯೂ ಬೇಡವೆಂದು ಬಿಟ್ಟಿದ್ದರು. ನಾನು ಸೂಟ್‌ಕೇಸ್ ಸರಿಸಿ ವೆಂಟ್ ತೆಗೆದೆ. ಮಾರನೆಯ ದಿನ ಅದು ಮತ್ತೆ ಮುಚ್ಚಿತ್ತು.

ಕ್ಷಮಿಸಿ ಮಾವ ಎಂದು ನಾನು ಹೇಳಿದೆ. ಒಂದು ಸಲವಲ್ಲ, ಎರಡು ಸಲ ಹೇಳಿದೆ. ಅದಕ್ಕೆ ಅವರು, "ನೀನೇನು ಇಲ್ದಿದ್ದು ಹೇಳಿದ್ಯಾ? ನನ್ನ ಕೆಲಸ ನನಗೇ ತಿಳೀಲಿಲ್ವಲ್ಲ," ಎಂದರು. ಅವರಿಗೆ ನನ್ನ ಮೇಲೆ ಬೇಸರವಿರಲಿಲ್ಲ. ಮೂವತ್ತೊಂದು ವರ್ಷ ತಿಳಿದಿದ್ದ ವಿದ್ಯೆ ಕೈಕೊಟ್ಟಿತಲ್ಲ ಎಂಬ ನಾಚಿಕೆ ಅವರನ್ನು ತಿನ್ನುತ್ತಿತ್ತು. ಬೇಸರವಾಗಿದ್ದರೆ ಸಮಾಧಾನ ಮಾಡಬಹುದಿತ್ತು, ಆ ನಾಚಿಕೆಗೆ ನನ್ನ ಹತ್ತಿರ ಮದ್ದಿರಲಿಲ್ಲ.

ಹತ್ತು ದಿನ ಕಳೆದ ಮೇಲೆ ತಾವಾಗಿಯೇ ಮಗನಿಗೆ ಹೇಳಿದರು. "ಟಿಕೆಟ್ ಬುಕ್ ಮಾಡಪ್ಪ. ಮೈಸೂರಲ್ಲಿ ಈಗ ಬಿಸಿಲು. ಅಲ್ಲೇ ಇರ್ತೀನಿ." ನನ್ನ ಗಂಡ ಬೇಡ ಎಂದರು. ಒಮ್ಮೆ ಹೇಳಿದರು, ಎರಡನೆಯ ಸಲ ಮೆತ್ತಗೆ ಹೇಳಿದರು, ಮೂರನೆಯ ಸಲ ಹೇಳಲಿಲ್ಲ. ನಾನೂ ತಡೆಯಲಿಲ್ಲ. ಅವರು ಹೊರಟರೆ ಬಿಲ್ಲು ಇಳಿದೀತು ಎಂಬ ಆಸೆ ನನ್ನೊಳಗೆ ಎಲ್ಲೋ ಇತ್ತು. ಇದನ್ನು ಬರೆಯುವುದು ಕಷ್ಟ, ಆದರೆ ಇತ್ತು.

ಹೊರಡುವ ದಿನ ಬೆಳಿಗ್ಗೆ ಅವರು ಎಷ್ಟೋ ದಿನದ ಮೇಲೆ ಹೊರಗೆ ಹೋಗಿ ಮೀಟರ್ ನೋಡಿಕೊಂಡು ಬಂದರು. ಏರ್‌ಪೋರ್ಟಿನಲ್ಲಿ ಸೆಕ್ಯೂರಿಟಿಯ ಸಾಲಿಗೆ ಸೇರುವ ಮುಂಚೆ ನನ್ನನ್ನು ಪಕ್ಕಕ್ಕೆ ಕರೆದು, ಗುಟ್ಟು ಹೇಳುವ ಹಾಗೆ ಹೇಳಿದರು.

"ಇವತ್ತಿನ ರೀಡಿಂಗು ನಲವತ್ತೊಂದು ಸಾವಿರದ ಇನ್ನೂರ ಎಂಟು. ಇಲ್ಲಿಂದ ಶುರು ಮಾಡು. ಇನ್ನು ಯಾರೂ ಆಫ್ ಮಾಡೋರಿಲ್ಲ, ಇಳಿದೇ ಇಳಿಯುತ್ತೆ. ಭಾನುವಾರ ಭಾನುವಾರ ನನಗೆ ನಂಬರ್ ಹೇಳ್ತಿರು. ಮನೆ ಬಿಡಬೇಡಿ."

ಅಡುಗೆಮನೆಯ ಮಾತು ಅವರಿಗೆ ಕೇಳಿಸಿತ್ತು ಎಂದು ಅವತ್ತು ನನಗೆ ಅವರ ಬಾಯಿಂದಲೇ ಗೊತ್ತಾಯಿತು. ಹ್ಞೂಂ ಎಂದೆ.

ಅವರು ಹೋದ ಮೇಲೆ ಮೊದಲ ವಾರ ನಾನು ದಿನವೂ ಕಸದ ಡಬ್ಬಿಗಳ ಹಿಂದೆ ಹೋಗಿ ನಿಂತೆ. ಯಂತ್ರವನ್ನು ರಿಪೇರಿಯವನು ಹೇಳಿದ ಹದದಲ್ಲಿ ಇಟ್ಟಿದ್ದೆವು, ಯಾರೂ ಮುಟ್ಟುತ್ತಿರಲಿಲ್ಲ. ಅವರ ರೂಮಿನ ವೆಂಟೂ ಮುಚ್ಚಿತ್ತು. ಅಂಕಿ ಏರುವ ವೇಗ ಇಳಿಯಲಿಲ್ಲ. ಫೆಬ್ರವರಿಯಲ್ಲಿ ಹಿಮ ಬಿದ್ದ ವಾರ ಮಾವನಿದ್ದ ದಿನಗಳಿಗಿಂತ ಹೆಚ್ಚು ಯೂನಿಟ್ ಸುಟ್ಟಿತು. ಭಾನುವಾರದ ಫೋನಿನಲ್ಲಿ ಮಾತ್ರ, ಬಿಲ್ಲು ಬಂದ ಮೇಲೆ ಒಟ್ಟಿಗೆ ಹೇಳುತ್ತೇನೆ ಮಾವ ಎಂದು ರೀಡಿಂಗನ್ನು ಮುಂದೂಡುತ್ತಿದ್ದೆ. ಮಾರ್ಚಿನಲ್ಲಿ ಬಂದ ಬಿಲ್ಲು ಪೂರ್ತಿ ಅವರು ಹೋದ ಮೇಲಿನ ದಿನಗಳದ್ದು. ಅದು ಜನವರಿಯದಕ್ಕಿಂತ ದೊಡ್ಡದಿತ್ತು. ಜೊತೆಗೊಂದು ಕಾಗದ: ಹೊಸ ವರ್ಷದಿಂದ ದರ ಏರಿಸಲಾಗಿದೆ, ಸಹಕಾರಕ್ಕೆ ವಂದನೆಗಳು. ನಾನು ಆ ಕಾಗದ ಹಿಡಿದು ಅಡುಗೆಮನೆಯಲ್ಲಿ ನಿಂತು ಅತ್ತೆ. ಅವರ ಸ್ವಿಚ್ಚಿನಿಂದ ಒಂದಿಷ್ಟು ನಷ್ಟ ಆಗಿದ್ದಿರಬಹುದು. ಆದರೆ ನಮ್ಮನ್ನು ಮುಳುಗಿಸಿದ್ದು ಅವರಲ್ಲ.

ಆ ಭಾನುವಾರ ಬೆಳಿಗ್ಗೆ, ಅವರಿಗೆ ರಾತ್ರಿ ಊಟವಾಗಿರುವ ಹೊತ್ತಿಗೆ, ಎಂದಿನಂತೆ ಫೋನ್ ಮಾಡಿದೆ.

"ಎಷ್ಟು ಬಂತಮ್ಮ ಬಿಲ್ಲು?"

ನಿಜ ಹೇಳಿದ್ದರೆ ಅವರ ತಲೆಯ ಮೇಲಿನ ಭಾರ ಇಳಿಯುತ್ತಿತ್ತು. ಅದು ನನ್ನ ತಲೆಗೆ ಬರುತ್ತಿತ್ತು. ಯಾವ ತಪ್ಪೂ ಇಲ್ಲದ ಮನುಷ್ಯನನ್ನು ಮನೆಯಿಂದ ಹೊರಡಿಸಿದೆ ಎಂದು ಬಾಯಿಬಿಟ್ಟು ಒಪ್ಪಿಕೊಳ್ಳಬೇಕಿತ್ತು.

"ಕಮ್ಮಿ ಬಂದಿದೆ ಮಾವ," ಎಂದೆ. "ಎಷ್ಟೋ ವಾಸಿ."

"ನೋಡಿದ್ಯಾ," ಎಂದರು. ದನಿಯಲ್ಲಿ ಖುಷಿಯಿತ್ತು. "ನಾನು ಇಲ್ಲಿಗೆ ಬಂದಿದ್ದೇ ಒಳ್ಳೇದಾಯ್ತು. ರೀಡಿಂಗ್ ಹೇಳು."

ರೀಡಿಂಗನ್ನೂ ಸುಳ್ಳೇ ಹೇಳಬೇಕಾಯಿತು, ನಿಜವಾದ ಅಂಕಿ ಹೇಳಿದರೆ ಅವರು ಕ್ಷಣದಲ್ಲಿ ಕಳೆದು ನೋಡಿಬಿಡುತ್ತಿದ್ದರು. ಅಂದಿನಿಂದ ಪ್ರತಿ ಭಾನುವಾರ ಫೋನ್ ಮಾಡುವ ಮೊದಲು ನಾನು ಒಂದು ಅಂಕಿ ಹುಟ್ಟಿಸುತ್ತಿದ್ದೆ. ಹಿಂದಿನ ವಾರದ್ದಕ್ಕೆ ಸ್ವಲ್ಪವೇ ಕೂಡಿಸಿ, ಮುಂದಿನ ವಾರ ನೆನಪಿರಲಿ ಎಂದು ಫ್ರಿಜ್ಜಿನ ಮೇಲಿನ ಕ್ಯಾಲೆಂಡರಿನಲ್ಲಿ ಬರೆದಿಡುತ್ತಿದ್ದೆ. ಬಂದ ಬಿಲ್ಲುಗಳನ್ನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸುತ್ತಿದ್ದೆ.

ಜೂನಿನಲ್ಲಿ ನಾವು ಮನೆ ಬಿಟ್ಟೆವು. ನನ್ನ ಗಂಡನಿಗೆ ರೆಂಟನ್‌ನ ಒಂದು ಗೋದಾಮಿನಲ್ಲಿ ಕೆಲಸ ಸಿಕ್ಕಿತ್ತು, ಸಾಫ್ಟ್‌ವೇರ್ ಕೆಲಸವಲ್ಲ. ಪೆಟ್ಟಿಗೆಗಳಿಗೆ ಚೀಟಿ ಅಂಟಿಸುವ ಕೆಲಸ. ಅಲ್ಲೇ ಹತ್ತಿರ ಒಂದು ಬೆಡ್‌ರೂಮಿನ ಅಪಾರ್ಟ್‌ಮೆಂಟ್ ಹಿಡಿದೆವು. ರೂಮು ಮಗಳಿಗೆ, ಹಾಲಿನಲ್ಲಿ ನಾವಿಬ್ಬರು. ಕಿಟಕಿಯ ಕೆಳಗೆ ಗೋಡೆಯುದ್ದಕ್ಕೂ ಕಾಯಿಲ್ ಹೀಟರಿನ ಪಟ್ಟಿ ಇದೆ, ಬರೀ ಕಾಯಿಲ್, ಪಂಪು ಗಿಂಪು ಏನೂ ಇಲ್ಲ. ಇದನ್ನು ಬೇಕಾದಾಗ ಹಾಕಿ ಬೇಡವಾದಾಗ ಆರಿಸುವುದೇ ಸರಿಯಾದ ಕ್ರಮ. ಗೀಸರ್ ಥರವೇ. ಮಾವನ ವಿದ್ಯೆಗೆ ತಕ್ಕ ಮನೆ ಕೊನೆಗೂ ಸಿಕ್ಕಿತು, ಅವರು ಮಲಗಲು ಅದರಲ್ಲಿ ಜಾಗವಿರಲಿಲ್ಲ.

ಮನೆ ಬಿಟ್ಟ ವಿಷಯ ಅವರಿಗೆ ಹೇಳಲಿಲ್ಲ. ಹೇಗೆ ಹೇಳುವುದು? ತಾವು ಹೊರಟದ್ದರಿಂದ ಮನೆ ಉಳಿಯಿತು ಎಂದು ಅವರು ನಂಬಿದ್ದರು. ವಿಡಿಯೊ ಕಾಲ್ ಬೇಡವೆಂದು ನಾನು ಏನೇನೋ ನೆಪ ಹೇಳುತ್ತಿದ್ದೆ. ಮಗಳು ತಾತನ ಜೊತೆ ಮಾತಾಡುವಾಗ ನಾನು ಪಕ್ಕದಲ್ಲೇ ನಿಂತಿರುತ್ತಿದ್ದೆ. ಅವಳಿಗೆ ನನ್ನ ಮೇಲೆ ಕೋಪವಿತ್ತು, ಆದರೂ ಬಾಯಿಬಿಡಲಿಲ್ಲ. ಭಾನುವಾರದ ರೀಡಿಂಗ್ ಮಾತ್ರ ನಡೆಯುತ್ತಲೇ ಇತ್ತು. ಇಲ್ಲದ ಮನೆಯ, ನಾನು ನೋಡದ ಮೀಟರಿನ ಅಂಕಿಗಳನ್ನು ಅವರು ಕೇಳಿಸಿಕೊಂಡು, ಬಾಯಲ್ಲೇ ಕಳೆದು, "ಭೇಷ್," ಎನ್ನುತ್ತಿದ್ದರು.

ಸೆಪ್ಟೆಂಬರಿನ ಒಂದು ಭಾನುವಾರ. ಫ್ರಿಜ್ಜಿನ ಕ್ಯಾಲೆಂಡರು ಮನೆ ಬದಲಾಯಿಸುವಾಗಲೇ ಯಾವುದೋ ಡಬ್ಬದಲ್ಲಿ ಸೇರಿಹೋಗಿತ್ತು. ಕೈಗೆ ಸಿಕ್ಕ ಚೀಟಿಗಳ ಮೇಲೆ ಬರೆದುಕೊಂಡು ಹೇಗೋ ನಡೆಸುತ್ತಿದ್ದೆ. ಅವತ್ತು ಚೀಟಿ ಸಿಗಲಿಲ್ಲ. ಸ್ಟೌ ಮೇಲೆ ಉಪ್ಪಿಟ್ಟು ಇತ್ತು. ಬಾಯಿಗೆ ಬಂದದ್ದು ಹೇಳಿದೆ.

"ನಲವತ್ಮೂರು ಸಾವಿರದ ಒಂಬೈನೂರ ತೊಂಬತ್ತು ಮಾವ."

ಆ ಕಡೆ ಮಾತಿಲ್ಲ. ಲೈನ್ ಕಟ್ಟಾಯಿತೇನೋ ಅಂದುಕೊಂಡು ಹಲೋ ಎಂದೆ. ಹಿಂದೆ ಅಕ್ಕನ ಮನೆಯ ಟಿವಿ ಕೇಳಿಸುತ್ತಿತ್ತು.

"ಹೋದ ವಾರ ನಲವತ್ನಾಲ್ಕು ಸಾವಿರದ ಅರವತ್ತು ಅಂದಿದ್ದೆ," ಎಂದರು. ಆಮೇಲೆ ತುಂಬ ಮೆತ್ತಗೆ ಕೇಳಿದರು. "ಮೀಟರ್ ರೂಮಿಗೆ ಬೀಗ ಹಾಕಿದಾರಾಮ್ಮ?"

ಹಾಕಿದ್ದರು. ರೆಂಟನ್ ಅಪಾರ್ಟ್‌ಮೆಂಟಿನಲ್ಲಿ ಎಲ್ಲರ ಮೀಟರುಗಳೂ ಕೆಳಗಿನ ಒಂದು ಕೋಣೆಯಲ್ಲಿವೆ, ಅದಕ್ಕೆ ಯಾವಾಗಲೂ ಬೀಗ. ನಾನು ಸ್ಟೌ ಆರಿಸಿದೆ.

"ಹೌದು ಮಾವ."

"ಯಾವಾಗ ಬಿಟ್ರಿ ಮನೆ?"

"ಜೂನಲ್ಲಿ."

ಆಮೇಲೆ ನಾನು ಎಲ್ಲವನ್ನೂ ಹೇಳಿದೆ. ಕಿಟಕಿಯ ಬಗ್ಗೆ ರಿಪೇರಿಯವನು ಹೇಳಿದ್ದು, ನಾನು ಅದನ್ನು ಮುಚ್ಚಿಟ್ಟದ್ದು, ದರ ಏರಿಸಿದ ಕಾಗದ, ಅವರು ಹೋದ ಮೇಲೂ ಬಿಲ್ಲು ಏರಿದ್ದು. "ನಿಮ್ಮಿಂದ ಆಗಿದ್ದಲ್ಲ ಮಾವ, ಯಾವತ್ತೂ ನಿಮ್ಮಿಂದ ಆಗಿದ್ದಲ್ಲ," ಎಂದೆ. ಬೈಯಲಿ ಎಂದು ಕಾದೆ. ಒಂದು ಸಲ ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

"ನಾನು ಪ್ರತಿ ವಾರ ಕೂಡಿಸ್ತಾ ಇದ್ದೆ ಕಣಮ್ಮ," ಎಂದರು. "ಎಷ್ಟು ಯೂನಿಟ್ ಉಳೀತು ಅಂತ. ಇಲ್ಲಿ ಹಾಲಲ್ಲಿ ಮಲಗ್ತೀನಲ್ಲ, ಎಲ್ಲರೂ ಓಡಾಡ್ತಾರೆ, ನಿದ್ದೆ ಬರಲ್ಲ. ಆಗ ಕೂಡಿಸ್ತಿದ್ದೆ. ಅದೊಂದು ಸಂತೋಷ ಇತ್ತು."

ನಾನು ಉಪ್ಪಿಟ್ಟಿನ ಮೇಲೆ ತಟ್ಟೆ ಮುಚ್ಚಿದೆ.

"ಸರಿ, ಪುಟ್ಟಿಗೆ ಸ್ವೆಟರ್ ಹಾಕ್ಸು. ಇಡ್ಲಾ?" ಎಂದರು.

ಈಗ ಮತ್ತೆ ಚಳಿ ಬಂದಿದೆ. ಹಗಲು ಯಾರೂ ಇಲ್ಲದಾಗ ಹೀಟರ್ ಆರಿಸಿರುತ್ತೇವೆ, ಮಗಳು ಸ್ಕೂಲಿನಿಂದ ಬಂದು ತಾನೇ ಹಾಕುತ್ತಾಳೆ. ಆದರೂ ಬಿಲ್ಲು ಹೋದ ತಿಂಗಳಿಗಿಂತ ಹೆಚ್ಚೇ ಬಂದಿದೆ. ಭಾನುವಾರ ಫೋನ್ ಮಾಡುತ್ತೇನೆ. ಮಾವ ಮೊಮ್ಮಗಳ ಓದು ವಿಚಾರಿಸುತ್ತಾರೆ, ಮಗನ ಬೆನ್ನುನೋವು ವಿಚಾರಿಸುತ್ತಾರೆ, ಅಲ್ಲಿ ಮಳೆ ಹೇಗಿದೆ ಎನ್ನುತ್ತಾರೆ. ರೀಡಿಂಗ್ ಕೇಳುವುದಿಲ್ಲ. ಮೊನ್ನೆ ಮಾತೆಲ್ಲ ಮುಗಿದ ಮೇಲೂ ಇಬ್ಬರೂ ಫೋನ್ ಇಡದೆ ಸ್ವಲ್ಪ ಹೊತ್ತು ಹಾಗೇ ಇದ್ದೆವು. ಆಮೇಲೆ ಅವರೇ ಇಟ್ಟರು.